ಅಪ್‌ಡೇಟ್ ಹಾಕಲು ಹೋಗಿ ಚಿಕ್ಕಪ್ಪನ ಹಾಡು ಕಳೆಯಲಿದ್ದೆ...

"ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ" ಅನ್ನೋ ಸಾಲು ಕಂಡಾಗಲೆಲ್ಲ ನನಗೆ ಗುಂಡ್ಲುಪೇಟೆಯ ಕರೆಂಟು ನೆನಪಾಗುತ್ತದೆ. ನಾವು ಆಫ್ ಮಾಡದಿದ್ದರೆ ಸಾಕೇ? ಕರೆಂಟಿನವರಿಗೆ ಹೇಳೋರು ಯಾರು? ಇದನ್ನು ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಇದು ನಮ್ಮ ಮನೆಯ ಕಥೆ ನಿಜ, ಆದರೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನಮ್ಮೆಲ್ಲರ ಚರಿತ್ರೆಯ ಒಂದು ಸಣ್ಣ ತುಂಡೂ ಹೌದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕರೆ ಸಾಲದು. ಕ, ವಿರಾಮ, ಷ ಈ ಮೂರನ್ನು ಸೇರಿಸಿ "ಕ್ಷ" ಅಂತ ತೋರಿಸುವ ವಿದ್ಯೆ ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತಿರಬೇಕು. ವಿಂಡೋಸಿನಲ್ಲಿ ಆ ಕೆಲಸ ಮಾಡುವುದು ಯೂನಿಸ್ಕ್ರೈಬ್ ಎಂಬ ಭಾಗ. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಅನುಕೂಲವಾಯಿತು. ಕನ್ನಡ ಬಂದಿದ್ದು 2001ರ ಅಕ್ಟೋಬರಿನಲ್ಲಿ, ಎಕ್ಸ್‌ಪಿ ಜೊತೆ, ತುಂಗಾ ಫಾಂಟಿನ ಸಮೇತ. ಅದೂ ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಬಾಕ್ಸಿಗೆ ಟಿಕ್ ಹಾಕಬೇಕು, ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ನಮ್ಮ ಕಡೆ ಅಂಗಡಿಯವನು ಹಾಕಿಕೊಟ್ಟಿದ್ದೇ ಎಕ್ಸ್‌ಪಿ, ಸಿಡಿ ಎಲ್ಲಿಂದ ತರೋದು! ಎಷ್ಟೋ ಜನ ಕನ್ನಡದ ಬದಲು ಬರೀ ಚೌಕಗಳನ್ನೇ ನೋಡಿದರು.

ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು 1998ರಲ್ಲಿ ಬಂದ ಶೇಷಾದ್ರಿವಾಸು ಅವರ "ಬರಹ" ಮತ್ತು ಕನ್ನಡ ಗಣಕ ಪರಿಷತ್ತಿನ "ನುಡಿ". ಎರಡರಲ್ಲೂ ಸಲೀಸಾಗಿ ಬರೆಯಬಹುದಿತ್ತು. ಆದರೆ ಆಗಿನ ಕಡತಗಳಲ್ಲಿ ಒಳಗೆ ಕೂತಿದ್ದದ್ದು ಕನ್ನಡವಲ್ಲ, ಇಂಗ್ಲಿಷಿನ ಚಿಹ್ನೆಗಳು. ಮೇಲೆ ಕನ್ನಡದ ಅಂಗಿ ತೊಡಿಸುತ್ತಿದ್ದದ್ದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರರಾಶಿ. ಈ ಮಾತು ನೆನಪಿರಲಿ, ಕಥೆಯಲ್ಲಿ ಮುಂದೆ ಬರುತ್ತದೆ.

ಇನ್ನು ಅಪ್‌ಡೇಟಿನ ಹುಚ್ಚು ಶುರುವಾಗಿದ್ದು 2003ರಲ್ಲಿ. ಎಕ್ಸ್‌ಪಿಯ ಒಂದು ದೊಡ್ಡ ತೂತಿಗೆ ಜುಲೈ 16ರಂದು ತೇಪೆ ಬಿಡುಗಡೆಯಾಯಿತು. ಆಗಸ್ಟ್ 11ಕ್ಕೆ ಅದೇ ತೂತಿನಿಂದ ಬ್ಲಾಸ್ಟರ್ ಹುಳು ನುಗ್ಗಿತು. ಇಂಟರ್ನೆಟ್ಟಿಗೆ ಹೋದ ಕೂಡಲೇ 60 ಸೆಕೆಂಡಿನ ಎಣಿಕೆ ಶುರುವಾಗಿ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು. ಡಯಲ್‌ಅಪ್ಪಿನಲ್ಲಿ ತೇಪೆ ಇಳಿಯುವುದರೊಳಗೆ ಕಂಪ್ಯೂಟರೇ ಮಲಗಿಬಿಡೋದು! ರೋಗಕ್ಕೆ ಔಷಧಿ ತರೋಣ ಅಂದರೆ ಅಂಗಡಿಯ ದಾರಿಯಲ್ಲೇ ರೋಗ ಕಾದು ಕೂತಿತ್ತು.

ಅದಾದ ಮೇಲೆ 2004ರ ಆಗಸ್ಟಿನಲ್ಲಿ ಸರ್ವೀಸ್ ಪ್ಯಾಕ್ 2 ಬಂತು. ಫೈರ್‌ವಾಲ್ ತಾನಾಗೇ ಚಾಲೂ ಇರುವಂತೆ ಮಾಡಿದ್ದು ಇದರ ಮುಖ್ಯ ಲಾಭ. ಪೂರ್ತಿ ಗಾತ್ರ ಸುಮಾರು 266 ಎಂಬಿ. 56 ಕೆಬಿಪಿಎಸ್ ವೇಗ ಪೂರ್ತಿ ಸಿಕ್ಕರೂ (ಎಲ್ಲಿ ಸಿಗುತ್ತಿತ್ತು!) ಹತ್ತೂವರೆ ಗಂಟೆ ಬೇಕು. ಹಾಗಾಗಿ ಸಣ್ಣ ಊರುಗಳಿಗೆ ಅದು ಬಂದಿದ್ದು ಸಿಡಿಯಲ್ಲಿ, ಕೈಯಿಂದ ಕೈಗೆ.

2005ರಲ್ಲಿ ಅಂಥದ್ದೊಂದು ಸಿಡಿ ಜೇಬಲ್ಲಿಟ್ಟುಕೊಂಡು ನಾನು ಗುಂಡ್ಲುಪೇಟೆಯ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಪ್ಪ ರಿಟೈರಾದ ಮೇಷ್ಟ್ರು. ಮಾದಪ್ಪನ ಪರಿಸೆಗಳಲ್ಲಿ ಕಂಸಾಳೆಯವರು, ದೇವರಗುಡ್ಡರು ಹಾಡುತ್ತಿದ್ದ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ಒಂದೊಂದೇ ಬೆರಳಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದರು. ಎಪ್ಪತ್ತು ಪುಟ. ನೋಟ್‌ಬುಕ್ಕುಗಳು ಅಷ್ಟರಲ್ಲಿ ಗೆದ್ದಲಿನ ಪಾಲಾಗಿದ್ದವು. ಮೊದಲು ನಕಲು ಮಾಡಿಟ್ಟುಕೊಳ್ಳಿ ಅಂತ ಪರದೆ ಹೇಳಿತು. ನಾನು ಓದದೆ "ನೆಕ್ಸ್ಟ್" ಒತ್ತಿದೆ. ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಹಳೇ ಯುಪಿಎಸ್ ಎರಡು ನಿಮಿಷ ಕುಂಯ್‌ಗುಟ್ಟಿ ಸತ್ತಿತು.

ಕರೆಂಟ್ ಬಂದ ಮೇಲೆ ಶುರುವಾಯಿತು ನೋಡಿ. ವಿಂಡೋಸಿನ ಲೋಗೋ, ನೀಲಿ ಮಿಂಚು, ಮತ್ತೆ ಲೋಗೋ. ಎಫ್8 ಒತ್ತಿ ಸೇಫ್ ಮೋಡಿಗೆ ಹೋದರೂ ಅದೇ. "ಆನ್ ಆಯ್ತದ, ಆಫ್ ಆಯ್ತದ, ಇದೇ ಆಗೋಯ್ತಲ್ಲಪ್ಪ" ಅಂದರು ಚಿಕ್ಕಪ್ಪ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೀಗೇಕಾಗುತ್ತದೆ? ಸರ್ವೀಸ್ ಪ್ಯಾಕ್ ಮೊದಲು ಹಳೆಯ ಸಿಸ್ಟಮ್ ಕಡತಗಳನ್ನು ಒಂದು ಗುಪ್ತ ಫೋಲ್ಡರಿನಲ್ಲಿ ಎತ್ತಿಡುತ್ತದೆ, ಆಮೇಲೆ ಹೊಸದನ್ನು ಹಾಕುತ್ತದೆ. ನಡುವೆ ನಿಂತರೆ ಅರ್ಧ ಹಳೇದು, ಅರ್ಧ ಹೊಸದು, ಒಂದಕ್ಕೊಂದು ಹೊಂದುವುದಿಲ್ಲ. ನೀಲಿ ಪರದೆ ಬಂದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗುವುದು ಎಕ್ಸ್‌ಪಿಯ ಪದ್ಧತಿ. ಆದ್ದರಿಂದ ಏನು ತಪ್ಪಾಗಿದೆ ಅಂತ ಓದುವುದಕ್ಕೂ ಪುರುಸೊತ್ತಿಲ್ಲ.

ಮಾರನೇ ದಿನ ಸಿಪಿಯು ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆ ಮೇಲಿಟ್ಟುಕೊಂಡು, ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಸ್ಸು ಹತ್ತಿದೆವು. ಅಂಗಡಿಯ ಹುಡುಗ ನೋಡಿದವನೇ "ಫಾರ್ಮ್ಯಾಟ್ ಮಾಡ್ಬುಡ್ತೀನಿ ಸಾರ್, ಒಂದ್ಗಂಟ ಕೆಲ್ಸ" ಅಂದ.

"ಮಾಡಿದ್ರ ಹಾಡು ಉಳಿತದಾ?" ಅಂದರು ಚಿಕ್ಕಪ್ಪ.

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. "ಹಂಗಾರ ಬ್ಯಾಡ, ಮನಗ ತಕ್ಕೊಂಡೋಗ್ತೀನಿ" ಅಂದರು.

ಆಗ ನನಗೆ ಹೊಳೆದಿದ್ದು ಇಷ್ಟೇ: ಕೆಟ್ಟಿರುವುದು ವಿಂಡೋಸು, ಡಿಸ್ಕಲ್ಲ. ಹುಡುಗನಿಗೂ ಆಸಕ್ತಿ ಬಂತು. ಹಾರ್ಡ್ ಡಿಸ್ಕ್ ಬಿಚ್ಚಿ, ಹಿಂದಿನ ಜಂಪರ್ ಬದಲಿಸಿ ಸ್ಲೇವ್ ಮಾಡಿ, ಅವರ ಅಂಗಡಿಯ ಯಂತ್ರಕ್ಕೆ ಹಾಕಿದೆವು. ಕಡತ ಸಿಕ್ಕಿತು! ತೆರೆದರೆ ಬರೀ ವಿಚಿತ್ರ ಚಿಹ್ನೆಗಳು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲ ಮುಗಿಯಿತು ಅಂತ ನಾನೂ ಅಂದುಕೊಂಡೆ. ಕಡೆಗೆ ಹುಡುಗನೇ "ಇಲ್ಲಿ ನುಡಿ ಇಲ್ವಲ್ಲ ಸಾರ್" ಅಂದ. ನುಡಿ ಹಾಕಿದ ಮೇಲೆ ಮಾದಪ್ಪ ಹುಲಿಯೇರಿ ಬಂದ.

ಎರಡು ಸಿಡಿಗೆ ನಕಲು ಮಾಡಿಕೊಂಡ ಮೇಲೆ ಯಂತ್ರದ ಸರದಿ. ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ರಿಕವರಿ ಕನ್ಸೋಲಿಗೆ ಹೋಗಿ, ಆ ಗುಪ್ತ ಫೋಲ್ಡರಿನಲ್ಲಿ ಸರ್ವೀಸ್ ಪ್ಯಾಕ್ ತಾನೇ ಬರೆದಿಟ್ಟಿದ್ದ ಬ್ಯಾಚ್ ಆದೇಶ ಕೊಟ್ಟೆವು. ಹಳೆಯ ಕಡತಗಳು ಒಂದೊಂದಾಗಿ ವಾಪಸ್ ಬಂದವು. ಲೋಗೋ ದಾಟಿ ಡೆಸ್ಕ್‌ಟಾಪ್ ಕಂಡಿತು. ಫಾರ್ಮ್ಯಾಟ್ ಬೇಕಿರಲೇ ಇಲ್ಲ.

ಇಂಥ ಕಥೆಗಳು ಆಮೇಲೂ ನಿಲ್ಲಲಿಲ್ಲ. 2008ರ ಸರ್ವೀಸ್ ಪ್ಯಾಕ್ 3 ಕೆಲವು ಎಎಂಡಿ ಯಂತ್ರಗಳನ್ನು ಇದೇ ಚಕ್ರದಲ್ಲಿ ಸುತ್ತಿಸಿತು. ಇಂಟೆಲ್ ಚಿಪ್ಪಿನ ಡ್ರೈವರು ಅವುಗಳಲ್ಲೂ ಉಳಿದಿದ್ದು ಕಾರಣ, ಅದನ್ನು ಸೇಫ್ ಮೋಡಿನಲ್ಲಿ ನಿಲ್ಲಿಸಿದರೆ ಸರಿಹೋಗುತ್ತಿತ್ತು. 2010ರ ಫೆಬ್ರವರಿಯ ಒಂದು ತೇಪೆ ಎಷ್ಟೋ ಎಕ್ಸ್‌ಪಿಗಳನ್ನು ಕೆಡವಿತು. ಎಲ್ಲರೂ ತೇಪೆಗೆ ಬೈದರು. ವಿಚಾರಿಸಿದರೆ, ಆ ಯಂತ್ರಗಳೊಳಗೆ ಮೊದಲೇ ಅಲೂರಿಯಾನ್ ಎಂಬ ಕಳ್ಳ ಅಡಗಿ ಕೂತಿದ್ದ. ತೇಪೆ ಗೋಡೆಯನ್ನು ಸ್ವಲ್ಪ ಸರಿಸಿತು, ಕಳ್ಳ ಹಳೇ ಜಾಗಕ್ಕೇ ಕಾಲಿಟ್ಟು ಮನೆಯನ್ನೇ ಬೀಳಿಸಿದ. ಇನ್ನು 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕಿನ ಒಂದು ಅಪ್‌ಡೇಟಿಗೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಎಷ್ಟೋ ಕಡೆ ಪರಿಹಾರ ಏನು ಗೊತ್ತೇ? ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡಿಗೆ ಹೋಗಿ, ಒಂದು ಕಡತ ಅಳಿಸುವುದು. ಚಾಮರಾಜನಗರದ ಆ ಹುಡುಗನಿಗೆ ಬರುತ್ತಿದ್ದ ಕೆಲಸವೇ.

ಹಾಗಂತ ಅಪ್‌ಡೇಟೇ ಬೇಡ ಅನ್ನಲಾರೆ. ಬ್ಲಾಸ್ಟರ್ ಬಂದಾಗ ಪಾಡುಪಟ್ಟವರು ತೇಪೆ ಹಾಕದವರು. ನನ್ನ ತಪ್ಪು ಅಪ್‌ಡೇಟ್ ಹಾಕಿದ್ದಲ್ಲ, ಎಪ್ಪತ್ತು ಪುಟ ಒಂದೇ ಕಡೆ ಇರುವಾಗ ಹಾಕಿದ್ದು. ಯಂತ್ರ ಹೋದರೆ ಇನ್ನೊಂದು ಬರುತ್ತದೆ. ಹಾಡಿದವರಲ್ಲಿ ಆಗಲೇ ಕೆಲವರು ಇರಲಿಲ್ಲ.

ಆ ಹಾಡುಗಳನ್ನು ಆಮೇಲೆ ಯೂನಿಕೋಡಿಗೆ ಬದಲಿಸಿದೆವು. ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ಚಿಕ್ಕಪ್ಪನೇ ಕೂತು ತಿದ್ದಿದರು. ಅಂದಿನಿಂದ ನಾನು ಅವರ ಕಂಪ್ಯೂಟರಿನ ಮುಂದೆ ಕೂತು ಯಾವುದೇ "ನೆಕ್ಸ್ಟ್" ಒತ್ತಲು ಹೋದರೂ ಹಿಂದಿನಿಂದ ಒಂದು ದನಿ ಬರುತ್ತಿತ್ತು:

"ನಕಲು ಆಯ್ತೇನಪ್ಪ?"