ಗೋಡೆ ಬಿದ್ದ ಮೇಲೂ ಉಳಿದ ಲೆಕ್ಕ

‘ಗುಡ್ ಬೈ ಲೆನಿನ್’ ಸಿನಿಮಾ ನೋಡಿದವರಿಗೆ ಆ ಉಪ್ಪಿನಕಾಯಿ ಬಾಟಲಿಯ ಪ್ರಸಂಗ ನೆನಪಿರಬಹುದು. 2003ರ ಜರ್ಮನ್ ಸಿನಿಮಾ. ಕೋಮಾದಲ್ಲಿದ್ದ ಅಮ್ಮನಿಗೆ ಎಚ್ಚರವಾಗುವಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದುಹೋಗಿರುತ್ತೆ. ಅಮ್ಮನಿಗೆ ಆಘಾತ ಆಗಬಾರದು ಅಂತ ಮಗ ಮನೆಯೊಳಗೆ ಹಳೇ ಪೂರ್ವ ಜರ್ಮನಿಯನ್ನೇ ಉಳಿಸಿಕೊಳ್ಳಲು ಹೆಣಗುತ್ತಾನೆ. ಆಕೆ ಕೇಳುವ ಸೌತೆಕಾಯಿ ಅಂಗಡಿಯಲ್ಲಿ ಸಿಗದೆ, ಹಳೇ ಬಾಟಲಿಗೆ ಹೊಸ ಕಂಪನಿಯದನ್ನು ತುಂಬಿ ಕೊಡುತ್ತಾನೆ. ನೋಡುವಾಗ ನಗು ಬರುತ್ತೆ. ಆದರೆ ಅದರ ಹಿಂದಿನ ಪ್ರಶ್ನೆ ತಮಾಷೆಯದ್ದಲ್ಲ. ನಲವತ್ತು ವರ್ಷ ಕಮ್ಯುನಿಸ್ಟ್ ಆಡಳಿತದಲ್ಲಿ ಬದುಕಿದವರಿಗೆ ಮಾರುಕಟ್ಟೆ, ಪೈಪೋಟಿ, ಲಾಭ ಅನ್ನೋ ಪದಗಳು ಬೇರೆಯೇ ಥರ ಕೇಳಿಸುತ್ತವೆಯೇ? ಹಾಗಿದ್ದರೆ ಎಷ್ಟು ಕಾಲ?

ಪೂರ್ವ ಜರ್ಮನಿಯಲ್ಲಿ ಪೈಪೋಟಿ ಇರಲಿಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇತ್ತು, ಆದರೆ ಅದರ ರೂಪ ಬೇರೆ. 1948ರ ಅಕ್ಟೋಬರ್ 13ರಂದು ಆಡೋಲ್ಫ್ ಹೆನ್ನೆಕೆ ಅನ್ನೋ ಕಲ್ಲಿದ್ದಲು ಗಣಿ ಕಾರ್ಮಿಕ ಒಂದೇ ಪಾಳಿಯಲ್ಲಿ ನಿಗದಿಯ ಶೇ. 387ರಷ್ಟು ಕಲ್ಲಿದ್ದಲು ತೆಗೆದ. ಆ ಪಾಳಿಗೆ ಮೊದಲೇ ಎಲ್ಲ ಸಿದ್ಧತೆ ಮಾಡಲಾಗಿತ್ತು ಅನ್ನೋದು ಬೇರೆ ಮಾತು. ಸರ್ಕಾರ ಅವನನ್ನು ಹೀರೋ ಮಾಡಿತು, ಜತೆಗಾರರು ಮಾತು ಬಿಟ್ಟರು. ಯಾಕೆ? ಒಬ್ಬ ಹೆಚ್ಚು ದುಡಿದು ತೋರಿಸಿದರೆ ಎಲ್ಲರ ತಲೆಯ ಮೇಲೂ ನಿಗದಿ ಏರುತ್ತೆ ಅಂತ ಅವರಿಗೆ ಗೊತ್ತಿತ್ತು. 1953ರಲ್ಲಿ ಸರ್ಕಾರ ನಿಗದಿಯನ್ನು ಶೇ. 10ರಷ್ಟು ಏರಿಸಿದಾಗ ಬರ್ಲಿನ್ನಿನ ಕಟ್ಟಡ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಜೂನ್ 17ಕ್ಕೆ ಅದು ದೇಶಕ್ಕೆಲ್ಲ ಹಬ್ಬಿತು, ಸೋವಿಯತ್ ಟ್ಯಾಂಕುಗಳು ಬಂದು ಅಡಗಿಸಿದವು. ಅಂದರೆ ‘ಸ್ಪರ್ಧೆ’ ಅನ್ನೋದು ಮೇಲಿನವರು ನಮ್ಮಿಂದ ಹೆಚ್ಚು ಹಿಂಡಿಕೊಳ್ಳಲು ಹೂಡುವ ಆಟ ಅನ್ನೋ ಪಾಠ ಆ ಜನಕ್ಕೆ ಮೊದಲು ಸಿಕ್ಕಿದ್ದು ಬಂಡವಾಳಶಾಹಿಯಿಂದಲ್ಲ, ಸಮಾಜವಾದದಿಂದಲೇ.

ಇನ್ನೊಂದು ಪೈಪೋಟಿ ಅಂಗಡಿಯ ಮುಂದೆ ನಡೆಯುತ್ತಿತ್ತು. ಅಲ್ಲಿ ಬ್ಯೂಕ್‌ವಾರೆ ಅನ್ನೋ ಮಾತೇ ಇತ್ತು. ಅಂಗಡಿಯವ ಬಗ್ಗಿ ಗಲ್ಲಾದ ಕೆಳಗಿನಿಂದ ತೆಗೆದುಕೊಡುವ ಮಾಲು ಅಂತ ಅರ್ಥ. ಪರಿಚಯದವರಿಗೆ ಮಾತ್ರ. ಟ್ರಾಬಾಂಟ್ ಕಾರು ಬೇಕಿದ್ದರೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೀರಿ ಕಾಯಬೇಕಿತ್ತು. (ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾದ ನಮ್ಮ ಹಿಂದಿನ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!) ಬೇಕಾದಾಗ ಸಿಗೋ ಹಳೇ ಕಾರಿಗೆ, ಕಾದು ಪಡೆಯೋ ಹೊಸ ಕಾರಿಗಿಂತ ಹೆಚ್ಚು ಬೆಲೆ. ಅಲ್ಲಿ ದುಡ್ಡಿಗಿಂತ ಪರಿಚಯಕ್ಕೆ ಬೆಲೆ ಜಾಸ್ತಿ. ಬೇಡಿಕೆ-ಪೂರೈಕೆಯ ಲೆಕ್ಕ ಆ ಜನಕ್ಕೆ ಗೊತ್ತಿರಲಿಲ್ಲ ಅನ್ನೋರು ಇದನ್ನು ಗಮನಿಸಬೇಕು.

ಹಾಗಾದರೆ ಕಮ್ಯುನಿಸಂ ಮನಸ್ಸನ್ನು ಬದಲಿಸಲೇ ಇಲ್ಲವೇ? 1990ರ ಮೇ ತಿಂಗಳಲ್ಲಿ ರಾಬರ್ಟ್ ಶಿಲ್ಲರ್, ಮ್ಯಾಕ್ಸಿಮ್ ಬಾಯ್ಕೊ ಮತ್ತು ವ್ಲಾದಿಮಿರ್ ಕೊರೊಬೊವ್ ಮಾಸ್ಕೋ ಮತ್ತು ನ್ಯೂಯಾರ್ಕಿನ ಜನರಿಗೆ ಫೋನ್ ಮಾಡಿ ಒಂದೇ ಪ್ರಶ್ನೆಗಳನ್ನು ಕೇಳಿದರು. ಅದರಲ್ಲೊಂದು, ಹಬ್ಬದ ದಿನ ಹೂವಿನ ಬೆಲೆ ಏರಿಸುವುದು ನ್ಯಾಯವೇ ಅನ್ನೋದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿಗೆ ಹೋದ ಯಾರನ್ನು ಕೇಳಿದರೂ ಉತ್ತರ ಗೊತ್ತೇ ಇದೆ. ಎರಡೂ ಊರುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ‘ನ್ಯಾಯವಲ್ಲ’ ಅಂದರು. ಬೆಲೆ ಏರಿಕೆಯ ಮೇಲಿನ ಸಿಟ್ಟಿಗೆ ಲೆನಿನ್ ಬೇಕಿಲ್ಲ ಅಂತಾಯಿತು.

ಆದರೆ ಜರ್ಮನಿಯ ಕಥೆ ಅಷ್ಟಕ್ಕೇ ಮುಗಿಯೋದಿಲ್ಲ. ಆಲ್ಬರ್ಟೋ ಅಲೆಸಿನಾ ಮತ್ತು ನಿಕೋಲಾ ಫುಕ್ಸ್-ಶ್ಯುಂಡೆಲ್ನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತುಂಬಾ ಪ್ರಸಿದ್ಧ. ನಿರುದ್ಯೋಗಿಗಳು, ರೋಗಿಗಳು, ವಯಸ್ಸಾದವರು... ಇವರ ಹೊಣೆ ಯಾರದ್ದು ಅಂತ 1997 ಮತ್ತು 2002ರಲ್ಲಿ ಜರ್ಮನ್ನರನ್ನು ಕೇಳಿದ್ದ ಉತ್ತರಗಳನ್ನು ಅವರು ಹೋಲಿಸಿದರು. ಪೂರ್ವದವರು ಹೆಚ್ಚಾಗಿ ‘ಸರ್ಕಾರದ್ದು’ ಅಂದಿದ್ದರು. ವಯಸ್ಸಾದವರಲ್ಲಿ ಈ ನಂಬಿಕೆ ಇನ್ನೂ ಗಟ್ಟಿ. ಇಬ್ಬರ ಅಭಿಪ್ರಾಯ ಒಂದಾಗಲು 20ರಿಂದ 40 ವರ್ಷ, ಅಂದರೆ ಒಂದೆರಡು ತಲೆಮಾರು ಬೇಕು ಅಂತ ಅವರ ಅಂದಾಜು.

ಇದಕ್ಕೆ ತಕರಾರೂ ಇದೆ. 2020ರಲ್ಲಿ ಸಾಷಾ ಬೆಕರ್, ಲುಕಾಸ್ ಮೆರ್ಗೆಲೆ, ಲುಡ್ಗರ್ ವೋಸ್‌ಮನ್ ಹೇಳಿದ್ದು ಏನೆಂದರೆ, ಪೂರ್ವ-ಪಶ್ಚಿಮಗಳು ಯುದ್ಧಕ್ಕೂ ಮೊದಲೇ ಒಂದೇ ಥರ ಇರಲಿಲ್ಲ. ಕಾರ್ಮಿಕ ವರ್ಗದ ಪಾಲು ಪೂರ್ವದಲ್ಲಿ ಆಗಲೇ ಜಾಸ್ತಿ. ಜತೆಗೆ 1961ರಲ್ಲಿ ಗೋಡೆ ಏಳುವ ಮುಂಚೆ ಲಕ್ಷಾಂತರ ಜನ ಪಶ್ಚಿಮಕ್ಕೆ ಹೊರಟುಹೋಗಿದ್ದರು. ಹೋದವರು ಒಂದು ಥರದವರು, ಉಳಿದವರು ಇನ್ನೊಂದು ಥರದವರು ಇದ್ದಿರಬಹುದಲ್ಲ?

ನನಗೆ ಮಾತ್ರ ಈ ಲೆಕ್ಕದಲ್ಲಿ ಇನ್ನೊಂದು ಭೂತಕಾಲವನ್ನೂ ಸೇರಿಸಬೇಕು ಅನ್ನಿಸುತ್ತೆ. ನಲವತ್ತು ವರ್ಷದ್ದಲ್ಲ, 1990ರಿಂದ 1994ರವರೆಗಿನ ನಾಲ್ಕೇ ವರ್ಷದ್ದು. 1990ರ ಮಾರ್ಚ್ 18ರ ಚುನಾವಣೆಯಲ್ಲಿ ಬೇಗ ಒಂದಾಗೋಣ ಅಂದ ಕೂಟಕ್ಕೆ ಪೂರ್ವದವರು ಶೇ. 48 ಮತ ಕೊಟ್ಟರು. ಮಾರುಕಟ್ಟೆಗೆ ಹೆದರಿದ ಜನ ಕೊಡುವ ಮತವೇ ಇದು? ಜುಲೈ 1ಕ್ಕೆ ಪಶ್ಚಿಮದ ಮಾರ್ಕ್ ಬಂತು. ಸಂಬಳ ಒಂದಕ್ಕೊಂದರಂತೆ ಬದಲಾಯಿತು. ಸಂಬಳ ಮಾರ್ಕಿನಲ್ಲಿ ಕೊಡಬೇಕಾದ ಹಳೇ ಕಾರ್ಖಾನೆಗಳು ರಾತ್ರೋರಾತ್ರಿ ಪಶ್ಚಿಮದ ಕಂಪನಿಗಳ ಎದುರು ನಿಲ್ಲಬೇಕಾಯಿತು. ಅವುಗಳನ್ನು ಮಾರುವ ಕೆಲಸ ಟ್ರಾಯ್‌ಹಾಂಡ್ ಅನ್ನೋ ಸಂಸ್ಥೆಯದು. ಎಂಟು ಸಾವಿರಕ್ಕೂ ಹೆಚ್ಚು ಉದ್ಯಮಗಳು, ಸುಮಾರು 40 ಲಕ್ಷ ಕೆಲಸಗಾರರು. 1994ರ ಕೊನೆಗೆ ಅದು ಬಾಗಿಲು ಹಾಕುವ ಹೊತ್ತಿಗೆ ಆ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರಲಿಲ್ಲ. ಉಳಿದ ಆಸ್ತಿಯಲ್ಲಿ ಬಹುಪಾಲು ಪಶ್ಚಿಮದವರ ಕೈಸೇರಿತ್ತು.

ತ್ಯುರಿಂಗಿಯಾದ ಬಿಷೋಫೆರೋಡೆ ಊರಿನ ಪೊಟ್ಯಾಷ್ ಗಣಿಯನ್ನೇ ನೋಡಿ. ಪೂರ್ವದ ಪೊಟ್ಯಾಷ್ ಉದ್ಯಮವನ್ನು ಪಶ್ಚಿಮದ ಪ್ರತಿಸ್ಪರ್ಧಿ ಕಂಪನಿಯ ಜತೆ ವಿಲೀನ ಮಾಡಿದರು. ಮುಚ್ಚಬೇಕಾದ ಗಣಿಗಳ ಪಟ್ಟಿಯಲ್ಲಿ ಇದೂ ಬಂತು. 1993ರ ಬೇಸಿಗೆಯಲ್ಲಿ ಕಾರ್ಮಿಕರು ಉಪವಾಸ ಕೂತರು. ಗಣಿ ಆ ವರ್ಷದ ಕೊನೆಗೆ ಮುಚ್ಚಿತು. ಪೈಪೋಟಿ ಅಂದರೆ ಒಳ್ಳೆಯ ಮಾಲು ಗೆಲ್ಲೋದು ಅಂತ ಓದಿದವರಿಗೆ, ಎದುರಾಳಿಯನ್ನು ಕೊಂಡು ಬಾಗಿಲು ಹಾಕಿಸೋದೂ ಪೈಪೋಟಿಯೇ ಅಂತ ತಿಳಿಯಿತು. ಹೆನ್ನೆಕೆಯ ಜತೆಗಾರರು ಕಲಿತದ್ದಕ್ಕೂ ಇದಕ್ಕೂ ಎಷ್ಟು ದೂರ?

ಗೆದ್ದವರೂ ಇದ್ದಾರೆ. ರೋಟ್‌ಕೆಪ್ಷೆನ್ ಅನ್ನೋ ಪೂರ್ವದ ಷಾಂಪೇನ್ ಮಾದರಿಯ ವೈನ್ 1990ರ ನಂತರ ಮಾರಾಟವಿಲ್ಲದೆ ಕುಸಿದಿತ್ತು. 1993ರಲ್ಲಿ ಅಲ್ಲಿನ ಮ್ಯಾನೇಜರುಗಳೇ ಪಾಲುದಾರರನ್ನು ಹುಡುಕಿ ಕಂಪನಿ ಕೊಂಡರು. 2002ರಲ್ಲಿ ಪಶ್ಚಿಮದ ಮುಮ್ ಬ್ರ್ಯಾಂಡನ್ನೇ ಕೊಂಡುಬಿಟ್ಟರು! ಪೈಪೋಟಿ ಪೂರ್ವದವರ ರಕ್ತದಲ್ಲಿಲ್ಲ ಅನ್ನೋ ಮಾತಿಗೆ ಇದಕ್ಕಿಂತ ಉತ್ತರ ಬೇಡ. ಅಲ್ಲಿ ಆಟಕ್ಕೆ ಇಳಿಯಲು ಪೂರ್ವದವರಿಗೆ ಒಂದು ಅವಕಾಶವಿತ್ತು, ಬಿಷೋಫೆರೋಡೆಯಲ್ಲಿ ಇರಲಿಲ್ಲ.

ಹಾಗಾಗಿ, ಯಾರಾದರೂ ಮಾರುಕಟ್ಟೆಯನ್ನು ಅನುಮಾನದಿಂದ ನೋಡಿದರೆ ‘ಹಳೇ ಕಮ್ಯುನಿಸ್ಟ್ ಬುದ್ಧಿ’ ಅಂತ ತಳ್ಳಿಹಾಕೋದು ಅರ್ಧ ಸತ್ಯ. ಪಾಠ ಪುಸ್ತಕದಲ್ಲಿ ಕಲಿಸಿದ್ದು ಒಂದೆರಡು ತಲೆಮಾರಿಗೆ ಮಾಸಬಹುದು. ಆದರೆ ಅಪ್ಪ ಐವತ್ತನೇ ವಯಸ್ಸಿಗೆ ಕೆಲಸ ಕಳೆದುಕೊಂಡು ಸುಮ್ಮನೆ ಮನೆಯಲ್ಲಿ ಕೂತದ್ದನ್ನು ಕಂಡ ಮಕ್ಕಳಿಗೆ, ಲೆನಿನ್ನನ ಒಂದು ಸಾಲೂ ಓದದೆ, ಆ ಅನುಮಾನ ಬಂದಿರುತ್ತದೆ. ಅದು ಎಷ್ಟು ತಲೆಮಾರಿಗೆ ಮಾಸೀತು? ನಿಮಗೇನನ್ನಿಸುತ್ತೆ, ಹೇಳಿ.