ಎರಡಕ್ಕೆ ಒಂದು ಕೂಡಿದರೆ ಎರಡು

ಪಿಯುಸಿ ಮೊದಲ ವರ್ಷ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಸೇರಿದರೆ ಎರಡು ನೀರು. ‘ಸಾರ್, ಮೂರಾಗಬೇಕಲ್ವಾ?’ ಅಂದೆ. ಕ್ಲಾಸೆಲ್ಲ ನಕ್ಕಿತು. ಹೆಚ್ಚುಕಮ್ಮಿ ಇಲ್ಲೇ ಜಾನ್ ಡಾಲ್ಟನ್ ಕೂಡ ಎಡವಿದ್ದ ಅಂತ ಗೊತ್ತಾಗಿದ್ದು ಬಿಇ ಮುಗಿದು ಎಷ್ಟೋ ವರ್ಷದ ಮೇಲೆ.

1808ರಲ್ಲಿ ಪರಮಾಣು ಸಿದ್ಧಾಂತದ ಪುಸ್ತಕ ತಂದ ಡಾಲ್ಟನ್‌ಗೆ ನೀರು ಅಂದ್ರೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. ಲೆಕ್ಕ ಸರಳವಾಗಿರಲಿ ಅನ್ನೋದೇ ಅದಕ್ಕೆ ಆಧಾರ. ಅದೇ ಹೊತ್ತಿಗೆ ಫ್ರಾನ್ಸಿನ ಗೇ-ಲುಸಾಕ್ ಅನಿಲಗಳನ್ನು ಅಳೆದು, ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ನೀರಾವಿ ಬರುತ್ತೆ ಅಂದ. ಡಾಲ್ಟನ್ ಒಪ್ಪಲಿಲ್ಲ. ಸಮ ಪಾಲಿನಲ್ಲಿ ಸಮ ಕಣಗಳಿದ್ದರೆ, ಒಂದು ಆಕ್ಸಿಜನ್ ಕಣದಿಂದ ಎರಡು ನೀರಿನ ಕಣ ಆಗಬೇಕು, ಅಂದ್ರೆ ಪರಮಾಣು ಒಡೆಯಬೇಕು. ಒಡೆಯದ್ದಕ್ಕೇ ತಾನೇ ಪರಮಾಣು ಅನ್ನೋದು? ವಾದ ಸರಿಯಾಗೇ ಇದೆ ನೋಡಿ.

1811ರಲ್ಲಿ ಇಟಲಿಯ ಅವೊಗಾಡ್ರೊ ಗಂಟು ಬಿಡಿಸಿದ. ಆಕ್ಸಿಜನ್ ಕಣ ಒಂಟಿಯಲ್ಲ, ಜೋಡಿ. ಒಡೆಯೋದು ಜೋಡಿ, ಪರಮಾಣು ಅಲ್ಲ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1856ರಲ್ಲಿ ಆತ ತೀರಿಕೊಂಡಾಗಲೂ ರಸಾಯನಶಾಸ್ತ್ರ ಗೋಜಲಾಗಿಯೇ ಇತ್ತು. ವಿನೆಗರಿನ ಅಸಿಟಿಕ್ ಆಮ್ಲ ಒಂದಕ್ಕೇ ಕೆಕುಲೆ 1861ರಲ್ಲಿ 19 ಸೂತ್ರಗಳನ್ನು ಪಟ್ಟಿ ಮಾಡಿದ್ದಾನೆ! ಅದಕ್ಕೂ ಮುಂಚೆ, 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ದೊಡ್ಡ ಸಭೆ ಸೇರಿತ್ತು. ಅಲ್ಲಿ ಕಾನಿಝಾರೊ ಅವೊಗಾಡ್ರೊ ಪರವಾಗಿ ವಾದಿಸಿದ. ತೀರ್ಮಾನವೇನೂ ಆಗಲಿಲ್ಲ. ಆದರೆ ಕೊನೆಯಲ್ಲಿ ಅವನ ಗೆಳೆಯ ಹಂಚಿದ ಸಣ್ಣ ಪುಸ್ತಿಕೆ ಲೋಥಾರ್ ಮೇಯರ್‌ನ ಕಣ್ಣು ತೆರೆಸಿತು. ಸಭೆಯಲ್ಲಿ ಮೆಂಡಲೀವ್ ಕೂಡ ಇದ್ದ.

ನಮ್ಮೂರ ಕಡೆ ತೆಂಗಿನಕಾಯಿ ಎಣಿಸಿ ಮಾರ್ತಾರೆ, ಕೊಬ್ಬರಿ ತೂಗಿ ಮಾರ್ತಾರೆ. ಎರಡನ್ನೂ ಬೆರೆಸಿ ಲೆಕ್ಕ ಹಾಕೋ ದಡ್ಡ ಸಂತೆಯಲ್ಲಿ ಸಿಗಲ್ಲ, ಪರೀಕ್ಷೆ ಹಾಲ್‌ನಲ್ಲಿ ಸಿಗ್ತಾನೆ. 10 ಗ್ರಾಂ ಹೈಡ್ರೋಜನ್, 10 ಗ್ರಾಂ ಆಕ್ಸಿಜನ್ ಸೇರಿಸಿದರೆ ಎಷ್ಟು ನೀರು? ನಾನು 20 ಗ್ರಾಂ ಅಂತ ಬರೆದಿದ್ದೆ. ಕಣಗಳ ಎಣಿಕೆಯಲ್ಲಿ ಎರಡಕ್ಕೆ ಒಂದು ಅಂದ್ರೆ ತೂಕದಲ್ಲಿ 4 ಗ್ರಾಂ ಹೈಡ್ರೋಜನ್ನಿಗೆ 32 ಗ್ರಾಂ ಆಕ್ಸಿಜನ್. ಹಾಗಾಗಿ 10 ಗ್ರಾಂ ಆಕ್ಸಿಜನ್ನಿಗೆ ಬೇಕಾಗೋದು 1.25 ಗ್ರಾಂ ಹೈಡ್ರೋಜನ್ ಮಾತ್ರ. ನೀರು 11.25 ಗ್ರಾಂ. ಉಳಿದ 8.75 ಗ್ರಾಂ ಹೈಡ್ರೋಜನ್ ಸುಮ್ಮನೆ ಕೂತಿರುತ್ತೆ.

‘ಮೋಲ್ ಅಂದ್ರೆ ತೂಕ’ ಅನ್ನೋ ಹುಡುಗರನ್ನೂ ಬೈಯಬೇಡಿ. 1890ರ ದಶಕದಲ್ಲಿ ಆ ಪದ ತಂದ ಓಸ್ಟ್‌ವಾಲ್ಡ್‌ಗೇ ಅದು ಗ್ರಾಂನಲ್ಲಿ ಹೇಳಿದ ಅಣುತೂಕವಾಗಿತ್ತು. ತಮಾಷೆ ಅಂದ್ರೆ ಆಗ ಅವನಿಗೆ ಪರಮಾಣುಗಳ ಮೇಲೆ ನಂಬಿಕೆಯೇ ಇರಲಿಲ್ಲ. ಸುಮಾರು 1909ರ ಹೊತ್ತಿಗಷ್ಟೇ ಒಪ್ಪಿಕೊಂಡ. ಮುಂದೆಯೂ ಎಷ್ಟೋ ಕಾಲ 12 ಗ್ರಾಂ ಕಾರ್ಬನ್ ಹಿಡಿದೇ ಮೋಲ್ ಹೇಳುತ್ತಿದ್ದರು. ಆ ಗ್ರಾಂ ಬಿಟ್ಟು, ಬರೀ ಎಣಿಕೆಯಾಗಿ, 6.02214076 ಗುಣಿಸು 10ರ ಘಾತ 23 ಅಂತ ನಿಂತಿದ್ದು 2019ರ ಮೇ 20ಕ್ಕೆ. ಅಷ್ಟರಲ್ಲಿ ನಾನು ಕೆಮಿಸ್ಟ್ರಿ ಬಿಟ್ಟು ಕೋಡ್ ಬರೀತಾ ಇದ್ದೆ.