ಬೇಲಿಯಿಂದ ಬಾಲ್ಕನಿಗೆ

ಬೆಂಗಳೂರಿನ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದಕ್ಕೂ ಮುಂಚೆ ಈ ಸೀಮೆಯವರಿಗೆ ಕಳ್ಳಿ ಎಂದರೆ ಹೊಲದ ಬೇಲಿ. ಲೋಳೆಸರ ಎಂದರೆ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ಗಿಡ. ಮಣ್ಣೇ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದಕ್ಕೆ ಕುಂಡ ಬದಲಿಸುವ ಮಾತೆಲ್ಲಿ ಬಂತು!

ಕುಂಡದ ಶೋಕಿಗೆ ಲಾಲ್‌ಬಾಗೇ ತವರು. ಹೈದರಾಲಿ 1760ರಲ್ಲಿ ಶುರುಮಾಡಿದ ಈ ತೋಟದಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನ ನೋಡಿದವರು ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ನುಗ್ಗುವುದು ಇಂದಿಗೂ ಉಂಟು. ದಪ್ಪ ಎಲೆಯ ಗಿಡಗಳಾದ ದಕ್ಷಿಣ ಆಫ್ರಿಕಾದ ಜೇಡ್, ಮೆಕ್ಸಿಕೊದ ಎಚಿವೇರಿಯ ಈಗ ಬನಶಂಕರಿ, ಜೆ.ಪಿ. ನಗರದ ಬಾಲ್ಕನಿಗಳ ಒಕ್ಕಲು.

ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ನರ್ಸರಿಯ ಕರಿ ಕವರಿನ ಜಿಗುಟು ಕೆಮ್ಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ತಳದ ತೂತಿನಿಂದ ಬಿಳಿ ಬೇರು ಇಣುಕಿತೋ, ಫೆಬ್ರುವರಿ–ಮಾರ್ಚ್‌ನಲ್ಲಿ ಕುಂಡ ಬದಲಿಸಿ. ಒಣ ಮಣ್ಣು ಕೊಡವಿ, ಕೊಳೆತ ಬೇರು ಕತ್ತರಿಸಿ, ಮೂರ್ನಾಲ್ಕು ದಿನ ನೆರಳಲ್ಲಿ ಆರಿಸಿ, ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ ಮಣ್ಣಿನಲ್ಲಿ ನೆಡಬೇಕು.

ಹೊಸ ಕುಂಡ ಹಳೆಯದಕ್ಕಿಂತ ಒಂದಂಗುಲ ಅಗಲವಾದರೆ ಸಾಕು. ಹೊಳೆಯುವ ಪಿಂಗಾಣಿಗಿಂತ ಸಾದಾ ಮಣ್ಣಿನ ಕುಂಡವೇ ಮೇಲು. ನೀರು ಮಾತ್ರ ನೆಟ್ಟು ಒಂದು ವಾರ ಬಿಟ್ಟು ಹಾಕಿ.